ಮಾತ್ರೆಗೂ ಒಪ್ಪತ್ತು

ಕಳೆದ ವಾರ ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಾಯಿಸಬೇಕಿತ್ತು. ತಿಪಟೂರಿನಲ್ಲಿ ಅಕ್ಕನ ಮೊಮ್ಮಗಳ ನಾಮಕರಣ ಮುಗಿಸಿಕೊಂಡು ಹೊಳೆನರಸೀಪುರಕ್ಕೆ ಹಿಂದಿರುಗುತ್ತಿದ್ದೆ. ನಿಲ್ದಾಣದ ಹೊರಗೆ ತೆಂಗಿನಕಾಯಿ ತುಂಬಿದ ಲಾರಿಗಳು ದಾರಿ ಕಟ್ಟಿದ್ದರಿಂದ ಅಂಗಡಿ ಸಾಲಿನ ಕಡೆಗೆ ಸರಿದು ನಿಂತೆ. ಅಲ್ಲೊಂದು ಔಷಧಿ ಅಂಗಡಿ. ಒಳಗೆ ಯಾರೋ ಬಿ-ಕಾಂಪ್ಲೆಕ್ಸ್ ಡಬ್ಬಿಯ ಮುಚ್ಚಳ ತೆಗೆದಿರಬೇಕು. ಆ ವಾಸನೆ ಎಲ್ಲರಿಗೂ ಗೊತ್ತು, ಯಾರಿಗೂ ಇಷ್ಟವಿಲ್ಲ. ಹುಳಿ ಹೆಚ್ಚಾದ ದೋಸೆಹಿಟ್ಟನ್ನು ಒದ್ದೆ ಗೋಣಿಚೀಲದಲ್ಲಿ ಕಟ್ಟಿಟ್ಟ ಹಾಗಿರುತ್ತದೆ. ಅದು ಮೂಗಿಗೆ ಬಿದ್ದದ್ದೇ ನನ್ನ ಕಣ್ಣು ತುಂಬಿತು. ಪಕ್ಕದಲ್ಲಿದ್ದ ಹೆಂಗಸು, "ಕಣ್ಣಿಗ್ ಧೂಳ್ ಬಿತ್ತೇನಮ್ಮ?" ಅಂದಳು. ಹೌದು ಅಂದೆ. ಬಸ್ ನಿಲ್ದಾಣದಲ್ಲಿ ಗುರುತಿಲ್ಲದವರಿಗೆ ಇನ್ನೇನು ಹೇಳುವುದು.

ನಮ್ಮ ಯಜಮಾನರು ಹೋದ ಮರುವರ್ಷ ಪೂರ್ತಿ ನನ್ನ ಕೈಚೀಲಕ್ಕೆ ಅದೇ ವಾಸನೆ ಅಂಟಿಕೊಂಡಿತ್ತು.

ಅವರದು ಹೊಳೆನರಸೀಪುರದಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಊರಿನ ಅರ್ಧ ಹಿರಿಯರಿಗೆ ಕಟ್ಟು ಹಾಕಿ ಗೋಡೆಗೇರಿಸಿದ್ದು ಅವರೇ. ಕೊನೆಗೆ ಅವರ ಫೋಟೋಗೆ ಕಟ್ಟು ಹಾಕಿಸಲು ನಾನು ಬೇರೆ ಅಂಗಡಿಗೆ ಹೋಗಬೇಕಾಯಿತು, ಅಲ್ಲಿಯವನು ಮೂಲೆ ಸರಿಯಾಗಿ ಕೂರಿಸಲಿಲ್ಲ, ಇವತ್ತಿಗೂ ನೋಡಿದಾಗೆಲ್ಲ ಸಿಟ್ಟು ಬರುತ್ತದೆ. ನಾನು ಖಾಸಗಿ ಶಾಲೆಯೊಂದರಲ್ಲಿ ಹೊಲಿಗೆ ಟೀಚರಾಗಿದ್ದವಳು. ಪಿಂಚಣಿ ಇಲ್ಲ, ಮಕ್ಕಳೂ ಆಗಲಿಲ್ಲ. ಮನೆಯಲ್ಲೇ ಕುಪ್ಪಸ ಹೊಲಿದುಕೊಂಡು ಒಂದು ಹೊಟ್ಟೆ ಹೊರೆಯುವುದು ಕಷ್ಟವೇನಲ್ಲ. ಕಷ್ಟವಾದದ್ದು ಸಂಜೆ. ದೀಪ ಹಚ್ಚುವ ಹೊತ್ತಿಗೆ ನಮ್ಮ ಬೀದಿಯಲ್ಲಿ ಎಲ್ಲರೂ ಯಾರನ್ನಾದರೂ ಕೂಗುತ್ತಾರೆ. ಆಡಲು ಹೋದ ಮಗುವನ್ನು, ಹಟ್ಟಿಗೆ ಬಾರದ ಕರುವನ್ನು, ಚಹಾದಂಗಡಿಯಲ್ಲಿ ಕೂತ ಗಂಡನನ್ನು. ನನಗೆ ಕೂಗಲು ಒಂದು ಹೆಸರೂ ಉಳಿದಿರಲಿಲ್ಲ.

ಹೆಂಗಸರಿಗೆ ಸರ್ಕಾರಿ ಬಸ್ಸು ಬಿಟ್ಟಿಯಾದ ಕಾಲ ಅದು. ಬಿಟ್ಟಿ ಸಿಕ್ಕಿದರೆ ನನಗೊಂದಿರಲಿ ನಮ್ಮಪ್ಪನಿಗೊಂದಿರಲಿ ಎನ್ನುತ್ತಾರಲ್ಲ, ಹಾಗೆ ನಾನೂ ಆಧಾರ್ ಕಾರ್ಡು ಹಿಡಿದು ಬಸ್ಸು ಹತ್ತತೊಡಗಿದೆ. ಕೆಲಸವೇನೂ ಇರಲಿಲ್ಲ. ಒಂದು ದಿನ ಅರಕಲಗೂಡು, ಇನ್ನೊಂದು ದಿನ ಹಾಸನ. ಇಳಿದು, ನಿಲ್ದಾಣದ ಬೆಂಚಿನಲ್ಲಿ ಸ್ವಲ್ಪ ಕೂತು, ಅದೇ ಬಸ್ಸಿನಲ್ಲಿ ವಾಪಸ್ಸು. ಬಸ್ಸಿನಲ್ಲಿ ಪಕ್ಕಕ್ಕೊಬ್ಬರು ಬಂದು ಕೂರುತ್ತಾರೆ, ಸ್ವಲ್ಪ ಸರೀರಿ ಅನ್ನುತ್ತಾರೆ, ಎಲ್ಲಿಗೆ ಅನ್ನುತ್ತಾರೆ. ಅಷ್ಟಕ್ಕಾಗಿ ಹೋಗುತ್ತಿದ್ದೆ. ಮೂರನೇ ಮನೆಯ ಪುಟ್ಟತಾಯಮ್ಮ ಬಾಗಿಲಲ್ಲಿ ನಿಂತು, "ಏನ್ ಟೀಚ್ರಮ್ಮ, ಆಸ್ನದಾಗೆ ಏನಾರ ಗೌರ್ಮೆಂಟ್ ಕೆಲ್ಸ ಸಿಕ್ತಾ?" ಎಂದು ಕೀಟಲೆ ಮಾಡುತ್ತಿದ್ದಳು. ಹೌದು ಕಣೇ, ಕಿಟಕಿ ಕಾಯೋ ಕೆಲಸ ಎನ್ನುತ್ತಿದ್ದೆ.

ಮುಂಗಾರು ಶುರುವಾದ ಹೊಸದರಲ್ಲಿ ಒಂದು ಮಧ್ಯಾಹ್ನ ಹಾಸನದಲ್ಲಿ ಮಳೆ ಹಿಡಿದುಕೊಂಡಿತು. ನಿಲ್ದಾಣದಿಂದ ಸ್ವಲ್ಪ ದೂರದ ಒಂದು ಅಂಗಡಿಯ ಮಾಡಿನ ಕೆಳಗೆ ನಿಂತೆ. ಕಡಿಮೆ ಬೆಲೆಯ ಔಷಧಿ ಸಿಗುತ್ತದೆ ಎಂದು ಹಲಗೆ ಹಾಕಿದ್ದರು. ಸುಮ್ಮನೆ ನಿಂತರೆ ಮರ್ಯಾದೆಯಲ್ಲ ಎಂದು ಚೀಲದಲ್ಲಿದ್ದ ನನ್ನ ಬಿಪಿ ಮಾತ್ರೆಯ ಖಾಲಿ ಸ್ಟ್ರಿಪ್ಪನ್ನೂ ಡಾಕ್ಟರ ಚೀಟಿಯನ್ನೂ ತೆಗೆದು ತೋರಿಸಿದೆ. ಅಂಗಡಿಯವರು ಧರಣೇಂದ್ರಯ್ಯ ಅಂತ, ಬೆಳಗೊಳದ ಕಡೆಯ ಜೈನರು, ನನಗಿಂತ ನಾಲ್ಕೈದು ವರ್ಷ ಚಿಕ್ಕವರಿರಬೇಕು. ಅವರು ಬೇರೆ ಬಣ್ಣದ ಸ್ಟ್ರಿಪ್ಪೊಂದನ್ನು ಮುಂದಿಟ್ಟು ಬೆಲೆ ಹೇಳಿದರು. ನಾನು ಊರಿನಲ್ಲಿ ಕೊಡುತ್ತಿದ್ದುದರ ಕಾಲು ಭಾಗವೂ ಇರಲಿಲ್ಲ.

"ಇದು ಅವಧಿ ಮುಗಿದದ್ದಾ ಸ್ವಾಮಿ?" ಎಂದು ಕೇಳಿಯೇಬಿಟ್ಟೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಸೀರೆ ಒಂದೇ ಮಗ್ಗದ್ದಮ್ಮ. ದೊಡ್ಡ ಅಂಗಡಿಯೋರು ಡಬ್ಬಿಗೆ ಹಾಕಿ ಕೊಟ್ರೆ ಒಂದು ರೇಟು, ಸಂತೇಲಿ ಮಡಿಸಿಟ್ಟು ಮಾರಿದ್ರೆ ಇನ್ನೊಂದು ರೇಟು. ಮೇಲಿನ ಹೆಸರು ಬೇರೆ, ಬಣ್ಣ ಬೇರೆ. ಒಳಗಿನ ಔಷಧಿ ಅದೇ, ತೂಕಾನೂ ಅದೇ. ನನ್ನ ಮಾತು ನಂಬಬೇಡಿ, ನಿಮ್ಮ ಡಾಕ್ಟರಿಗೆ ತೋರಿಸ್ಕೊಂಡೇ ನುಂಗಿ," ಅಂದರು.

ನಮ್ಮೂರ ಡಾಕ್ಟರಿಗೆ ತೋರಿಸಿದೆ. ಆಗಬಹುದು ಅಂದರು. ಆ ರಾತ್ರಿ ಅನ್ನ ಸೇರಲಿಲ್ಲ. ಯಜಮಾನರ ಹೃದಯದ ಮಾತ್ರೆಗೆಂದು ನನ್ನ ಬಳೆ ಹೋಗಿತ್ತು, ಅವರ ಸೈಕಲ್ಲು ಹೋಗಿತ್ತು. ಕೊನೆಕೊನೆಗೆ ಅವರು ಮಾತ್ರೆಯ ಸ್ಟ್ರಿಪ್ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, "ಇವತ್ತು ಬ್ಯಾಡ ಬುಡು, ಚೆನ್ನಾಗೇ ಇದೀನಿ," ಎನ್ನುತ್ತಿದ್ದರು. ಈ ಅಂಗಡಿ ಆಗಲೂ ಇತ್ತು, ಅದೇ ಹಲಗೆ ಹಾಕಿಕೊಂಡು. ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಹೀಗೆ ಬಸ್ಸಿಗೊಂದು ಕೆಲಸ ಬಂತು. ಮೊದಲು ಪುಟ್ಟತಾಯಮ್ಮನ ಸಕ್ಕರೆ ಕಾಯಿಲೆಯ ಮಾತ್ರೆ, ಆಮೇಲೆ ಅವಳ ಗಂಡನದು, ಆಮೇಲೆ ಬೀದಿಯ ಇನ್ನೂ ಒಂದಿಬ್ಬರು ವಯಸ್ಸಾದವರದು, ಜೊತೆಗೆ ಎಲ್ಲರಿಗೂ ಬಿ-ಕಾಂಪ್ಲೆಕ್ಸ್. ಗಂಡಸರು ತಾವೇ ಹೋಗಿ ತಂದರೆ ಮಾತ್ರೆಯಲ್ಲಿ ಉಳಿದದ್ದು ಟಿಕೆಟ್ಟಿಗೆ ಹೋಗುತ್ತಿತ್ತು. ನನಗೆ ಟಿಕೆಟ್ಟಿನ ಖರ್ಚಿಲ್ಲ. ಗುರುವಾರ ಎಂದು ಗೊತ್ತು ಮಾಡಿಕೊಂಡೆ. ಧರಣೇಂದ್ರಯ್ಯನವರು ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರು, ಅದಕ್ಕಾಗಿ ಸಂಜೆಗೆ ಮುಂಚೆಯೇ ಬಾಗಿಲು ಎಳೆಯುತ್ತಿದ್ದರು. ಮಧ್ಯಾಹ್ನದೊಳಗೆ ಅಲ್ಲಿರಬೇಕು. ಹೊತ್ತಿಗೆ ಸರಿಯಾಗಿ ಒಂದು ಕಡೆ ಇರಬೇಕು ಅನ್ನುವುದೇ ನನಗೆ ಎಷ್ಟೋ ಸಮಾಧಾನ ಕೊಡುತ್ತಿತ್ತು.

ಎದುರುಮನೆಯ ಬೋರೇಗೌಡರು ಮಾತ್ರ ಚೀಟಿ ಕೊಡಲಿಲ್ಲ. ಅವರದು ಹಾಸನದ ಹತ್ತಿರ ಬೂವನಹಳ್ಳಿ ಕಡೆಯ ಜಮೀನು. ವಿಮಾನ ನಿಲ್ದಾಣಕ್ಕೆ ಅದು ಹೋದಾಗ ಬಂದ ಹಣವನ್ನು ಚನ್ನರಾಯಪಟ್ಟಣದಲ್ಲಿದ್ದ ಒಬ್ಬಳೇ ಮಗಳು ಸವಿತಳಿಗೆ ಮನೆ ಕಟ್ಟಲು ಕೊಟ್ಟು, ತಾವು ತೀರಿಹೋದ ಹೆಂಡತಿಯ ಹೆಸರಿನಲ್ಲಿದ್ದ ಎರಡು ಕೋಣೆಯ ಮನೆಗೆ ಬಂದು ಸೇರಿದ್ದರು. ಮಗಳು ಎಷ್ಟು ಕರೆದರೂ ಹೋಗಲಿಲ್ಲ. ಹೆಣ್ಣು ಕೊಟ್ಟ ಮನೆಯಲ್ಲಿ ಬೀಡು ಬಿಡುವುದು ಗೌಡರಿಗೆ ಆಗದ ಮಾತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವ ಜಾತಿಯವರು. ಪಂಚೆಗೆ ಇಸ್ತ್ರಿ ಇಲ್ಲದೆ ಹಾಲಿನ ಬೂತಿಗೂ ಹೋಗುತ್ತಿರಲಿಲ್ಲ. ಪುಟ್ಟತಾಯಮ್ಮ ಅಗ್ಗದ ಮಾತ್ರೆಯ ವಿಷಯ ಹೇಳಿದ್ದಕ್ಕೆ, "ಎಂಗಸ್ರು ಬಿಟ್ಟಿ ಬಸ್ಸಲ್ಲಿ ತಂದ ಗುಳ್ಗೆ ನುಂಗೋ ಗತಿ ನಂಗಿನ್ನೂ ಬಂದಿಲ್ಲ ಕಣವ್ವ," ಎಂದರಂತೆ. ನನ್ನ ಕಿವಿಗೆ ಬೀಳಲಿ ಎಂದೇ ಜೋರಾಗಿ ಹೇಳಿದ್ದು.

ಒಂದು ಶನಿವಾರ ರಾಗಿರೊಟ್ಟಿ ಜಾಸ್ತಿಯಾಗಿತ್ತು, ಎದುರುಮನೆಗೆ ತೆಗೆದುಕೊಂಡು ಹೋದೆ. "ಇವತ್ತು ಒಪ್ಪತ್ತು," ಅಂದರು. ಸರಿ, ಶನಿದೇವರ ವಾರ. ಸೋಮವಾರ ಉಪ್ಪಿಟ್ಟು ಒಯ್ದರೆ ಆವತ್ತೂ ಒಪ್ಪತ್ತು, ಈಶ್ವರನ ವಾರ. ಆಮೇಲೆ ಸಂಕಷ್ಟಿ ಬಂತು, ಏಕಾದಶಿ ಬಂತು, ಅಮಾವಾಸ್ಯೆ ಬಂತು. ಶೈವ ವೈಷ್ಣವ ಭೇದವಿಲ್ಲದೆ ಗೌಡರು ಎಲ್ಲ ದೇವರಿಗೂ ಒಂದು ಹೊತ್ತು ಬಿಡುತ್ತಿದ್ದರು. ಗುಡಿಗೆ ಹೋದದ್ದನ್ನು ಮಾತ್ರ ನಾನು ಒಂದು ದಿನವೂ ಕಾಣೆ. ಅವರ ಕಾಲು ಊದಿಕೊಂಡಿರುವುದು ಪಂಚೆಯ ಕೆಳಗೆ ಕಾಣುತ್ತಿತ್ತು.

"ಒಪ್ಪತ್ತಿನ ದಿನ ಮಾತ್ರೆ ಏನ್ಮಾಡ್ತೀರಿ ಗೌಡ್ರೇ?" ಎಂದೆ.

"ಹೊಟ್ಟೆ ಖಾಲಿ ಇದ್ದಾಗ ತಗಬ್ಯಾಡಿ ಅಂತ ಡಾಕ್ಟ್ರೇ ಏಳವ್ರಲ್ಲ. ಆವತ್ತು ಬುಟ್ಬುಡೋದು."

ಆಗ ನನಗೆ ಅರ್ಥವಾಯಿತು. ಒಪ್ಪತ್ತು ಹಿಡಿದದ್ದು ಗೌಡರ ಹೊಟ್ಟೆಯಲ್ಲ, ಮಾತ್ರೆಯ ಸ್ಟ್ರಿಪ್ಪು. ಹದಿನೈದು ದಿನಕ್ಕೆ ಮುಗಿಯಬೇಕಾದದ್ದನ್ನು ದೇವರ ಹೆಸರಿನಲ್ಲಿ ತಿಂಗಳಿಗೆ ಎಳೆಯುತ್ತಿದ್ದರು. ನನ್ನ ಮನೆಯ ಗೋಡೆಯ ಮೇಲೆ, ಮೂಲೆ ಕೂಡದ ಕಟ್ಟಿನೊಳಗೆ ಹಾಗೇ ಮಾಡಿದವರೊಬ್ಬರು ಕೂತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. "ದೇವರು ಅನ್ನಕ್ಕೆ ಒಪ್ಪತ್ತು ಹೇಳಿದಾನೆ, ಮಾತ್ರೆಗಲ್ಲ. ನೀವು ಜುಟ್ಟಿಗೆ ಹೂವು ಮುಡ್ಕೊಂಡೇ ಹೋಗಿ, ನಾವು ಹಿಂದೆ ಬರ್ತೀವಿ," ಎಂದು ಬೀದಿಗೆ ಕೇಳುವಂತೆ ಬೈದು ಬಂದೆ. ಮಾರನೇ ದಿನ ಬೆಳಿಗ್ಗೆ ಗೌಡರೇ ಬಾಗಿಲಿಗೆ ಬಂದರು. ಒಂದು ಕೈಯಲ್ಲಿ ಬಿಪಿ, ಸಕ್ಕರೆ ಮಾತ್ರೆಗಳ ಚೀಟಿ, ಇನ್ನೊಂದು ಕೈಯಲ್ಲಿ ಸುಲಿದ ತೆಂಗಿನಕಾಯಿ.

"ಬಿಟ್ಟಿ ತರಕ್ ಏಳ್ತಿಲ್ಲ. ಇದು ನಿಮ್ ಕೂಲಿ," ಅಂದರು.

ಅಲ್ಲಿಂದ ಮಳೆಗಾಲ ಪೂರ್ತಿ ಗುರುವಾರದ ಸಂಜೆ ನಾನು ಬೀದಿ ತಿರುಗುವ ಹೊತ್ತಿಗೆ ಗೌಡರು ತಮ್ಮ ಜಗಲಿಯ ಮೇಲೆ ಕೂತಿರುತ್ತಿದ್ದರು. ಕೊಡೆ ಮಡಿಸುವ ಮೊದಲೇ ವಿಚಾರಣೆ ಶುರು. ಬಸ್ಸು ತುಂಬಿತ್ತಾ, ಹೇಮಾವತಿಯಲ್ಲಿ ನೀರು ಎಷ್ಟಿದೆ, ಹಾಸನದಲ್ಲಿ ಆಲೂಗಡ್ಡೆ ಏನು ರೇಟು. ನಾನು ಎದುರು ಜಗಲಿಯಲ್ಲಿ ಕೂತು ಉತ್ತರ ಕೊಡುತ್ತಿದ್ದೆ, ನಡುವೆ ಬೀದಿ, ಬೀದಿಯಲ್ಲಿ ಮಳೆನೀರು. ಒಮ್ಮೆ ಅವರು ಕೇಳಿದರೆಂದು ಹಾಸನದಿಂದ ಬೆಂಗಳೂರು ರಸ್ತೆಯ ಬಸ್ಸು ಹತ್ತಿ ಬೂವನಹಳ್ಳಿಯನ್ನು ನೋಡಿಕೊಂಡೂ ಬಂದೆ. "ನಮ್ ವಲದ ಬದೀಲಿದ್ದ ಉಣ್ಸೆ ಮರ ಐತಾ?" ಎಂದರು. ಇದೆ ಎಂದೆ. ಬಸ್ಸಿನ ಕಿಟಕಿಯಿಂದ ನನಗೆ ಬೇಲಿ ಬಿಟ್ಟು ಏನೂ ಕಂಡಿರಲಿಲ್ಲ. ಮುದುಕಿಗೊಬ್ಬ ಮುದುಕ ಎಂದು ಪುಟ್ಟತಾಯಮ್ಮ ಬೆನ್ನ ಹಿಂದೆ ನಗುತ್ತಿದ್ದಳು, ನಗಲಿ. ಗೌಡರ ಮೇಲೆ ನನಗಿದ್ದದ್ದು ಏನು ಎಂದು ನಾನು ಹೆಸರಿಟ್ಟು ನೋಡಲಿಲ್ಲ. ವಾರಕ್ಕೊಂದು ಸಂಜೆ ಒಬ್ಬರು ನನ್ನ ದಾರಿ ನೋಡುತ್ತಿದ್ದರು. ಅರವತ್ತು ದಾಟಿದ ಮೇಲೆ ಅದಕ್ಕಿಂತ ದೊಡ್ಡದು ಏನು ಬೇಕು ಅನ್ನಿಸುತ್ತಿತ್ತು.

ಶ್ರಾವಣದಲ್ಲಿ ಒಮ್ಮೆ ಗೌಡರು, "ಒಂದ್ ಸ್ಟ್ರಿಪ್ಪು ಎಲ್ಲೋ ಬಿದ್ದೋಯ್ತು ಟೀಚ್ರಮ್ಮ, ಈ ಸಲ ಜಾಸ್ತಿ ತಂದ್ಬುಡಿ," ಅಂದರು. ವಯಸ್ಸಾದವರು, ಎಲ್ಲಿಟ್ಟರೋ ಎಂದುಕೊಂಡು ತಂದುಕೊಟ್ಟೆ. ಅದಾಗಿ ಕೆಲವೇ ದಿನಕ್ಕೆ, ಬೆಳಿಗ್ಗೆ ಹಾಲಿನ ಬೂತಿನ ಮುಂದೆ ಸಾಲಿನಲ್ಲಿ ನಿಂತವರು ನಿಂತ ಹಾಗೇ ಕುಸಿದುಬಿದ್ದರು. ಹಣೆ ಒಡೆದಿತ್ತು, ಮೈ ತಣ್ಣಗಾಗಿ ಬೆವರು ಕಿತ್ತುಕೊಂಡಿತ್ತು. ಆಂಬುಲೆನ್ಸಿನಲ್ಲಿ ಹಾಸನದ ಆಸ್ಪತ್ರೆಗೆ ಒಯ್ದರು. ನಾನು ಸಿಕ್ಕ ಬಸ್ಸು ಹತ್ತಿ ಹಿಂದೆಯೇ ಹೋದೆ. ಅಷ್ಟು ಸಲ ಓಡಾಡಿದ ದಾರಿ ಆವತ್ತು ಮುಗಿಯಲೇ ಇಲ್ಲ.

ನಾನು ಹೋಗುವ ಹೊತ್ತಿಗೆ ಗೌಡರಿಗೆ ಎಚ್ಚರವಾಗಿತ್ತು. ಬಿಪಿ, ಸಕ್ಕರೆ ಎರಡೂ ತೀರಾ ಇಳಿದಿತ್ತಂತೆ. ಸವಿತ ಚನ್ನರಾಯಪಟ್ಟಣದಿಂದ ಇನ್ನೂ ಬಂದಿರಲಿಲ್ಲ. ಗೌಡರು ಕೈಸನ್ನೆ ಮಾಡಿ ಹತ್ತಿರ ಕರೆದು ಪಿಸುಗುಟ್ಟಿದರು.

"ತೆಪ್ಪು ನಂದೇ ಟೀಚ್ರಮ್ಮ. ಕಾಸಿಗ್ ತಕ್ಕ ಕಜ್ಜಾಯ ಅಲ್ವಾ? ಅಗ್ಗದ್ದು ಅಂದ್ಮೇಲೆ ಅದ್ರಾಗೆ ಸಕ್ತಿನೂ ಕಮ್ಮಿನೇ ಇರ್ತದೆ ಅಂತ ಎಲ್ಡೆಲ್ಡು ನುಂಗ್ತಿದ್ದೆ. ಡಾಕ್ಟ್ರು ಕೇಳುದ್ರು, ದಿನಕ್ಕೊಂದೇ ಅಂದ್ಬುಟ್ಟೆ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅರ್ಧ ಬದುಕು ಬೇಸಾಯ ಮಾಡಿದ ಮನುಷ್ಯ, ಅಗ್ಗದ ಗೊಬ್ಬರವನ್ನು ಎರಡು ಹಿಡಿ ಹಾಕುವ ಹಾಗೆ ಅಗ್ಗದ ಮಾತ್ರೆಯನ್ನು ಎರಡೆರಡು ಹಾಕಿಕೊಂಡಿದ್ದರು. ಅವರಿಗೆ ಅದು ದುಡುಕಲ್ಲ, ಲೆಕ್ಕಾಚಾರ.

"ಸವಿತಂಗೆ ಏಳ್ಬ್ಯಾಡಿ," ಅಂದರು. "ಏಳುದ್ರೆ, ಅಗ್ಗದ್ದು ಯಾಕ್ ತರ್ಸುದ್ರಿ ಅಂತಾಳೆ. ಅದ್ಕ್ ಮುಂಚೆ ಏನ್ ಮಾಡ್ತಿದ್ರಿ ಅಂತಾಳೆ. ಇರೋದೆಲ್ಲ ನಂಗ್ ಕೊಟ್ಟು ನಮ್ಮಪ್ಪ ಮಾತ್ರೆ ಉಳ್ಸ್ಕಂಡ್ ಕೂತಿದ್ದ ಅಂತ ಗೊತ್ತಾದ್ರೆ ಆ ಮನೇಲಿ ಅವ್ಳು ಎಂಗ್ ಮಲ್ಗ್ತಾಳೆ? ಮಾತ್ ಕೊಡಿ."

ಕೊಟ್ಟೆ. ಹೊರಗೆ ಬಂದು ಡಾಕ್ಟರೊಬ್ಬರ ಕಿವಿಗೆ ಮಾತ್ರ ವಿಷಯ ಹಾಕಿದೆ, ಅದನ್ನು ಮುಚ್ಚಿಟ್ಟರೆ ಚಿಕಿತ್ಸೆ ದಾರಿ ತಪ್ಪುತ್ತದೆ. ಮಗಳಿಗೆ ಗೊತ್ತಾಗಬಾರದು, ಅವರ ಆಸೆ ಎಂದೂ ಹೇಳಿದೆ. ಅವರು ಒಳ್ಳೆಯವರು, ತಲೆಯಾಡಿಸಿದರು. ಆಮೇಲೆ ಎಲ್ಲರ ಮುಂದೆ, "ಯಾವ ಕಂಪನಿದಾದ್ರೂ ಔಷಧಿ ಒಂದೇ. ದಿನಕ್ಕೊಂದೇ ತಗೊಳ್ಳಿ, ಬಿಡ್ಬೇಡಿ, ಜಾಸ್ತೀನೂ ಬೇಡ," ಎಂದು ಹೇಳಿದರು. ಅಷ್ಟು ಹೊತ್ತಿಗೆ ಬಂದಿದ್ದ ಸವಿತಳ ಕಿವಿಗೆ ಅದು ಬೀಳಲಿಲ್ಲ. ಅಪ್ಪ ಮಾತ್ರೆ ಬದಲಾಯಿಸಿದ್ದರು, ತಂದುಕೊಟ್ಟವಳು ನಾನು, ಇಷ್ಟೇ ಅವಳಿಗೆ ಕೇಳಿಸಿದ್ದು. ಚಿಕ್ಕವಳಿದ್ದಾಗ ನಮ್ಮೂರ ಅಜ್ಜಿ ಮನೆಯಲ್ಲಿದ್ದುಕೊಂಡು ಶಾಲೆಯಲ್ಲಿ ನನ್ನ ಹತ್ತಿರ ಹೊಲಿಗೆ ಕಲಿತ ಹುಡುಗಿ ಅವಳು, ಗುಂಡಿಮನೆ ಹೊಲಿಯುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ.

"ನಿಮ್ಮನ್ನ ತಾಯಿ ತರ ನೋಡ್ತಿದ್ದೆ ಮಿಸ್," ಅಂದಳು. "ನಾಲ್ಕು ಕಾಸು ಉಳಿತದೆ ಅಂತ ನಮ್ಮಪ್ಪನ ಜೀವದ ಜೊತೆ ಆಟ ಆಡುದ್ರಲ್ಲ. ಇನ್ಮೇಲೆ ನಮ್ಮಪ್ಪನ ತಂಟೆಗೆ ಬರ್ಬೇಡಿ."

ನಾನು ಬಾಯಿ ಬಿಡಲಿಲ್ಲ. ಹಾಸಿಗೆಯ ಮೇಲಿದ್ದ ಗೌಡರೂ ಬಿಡಲಿಲ್ಲ, ಆ ಕಡೆ ಮುಖ ಮಾಡಿ ಮಲಗಿದ್ದರು.

ಆಸ್ಪತ್ರೆಯಿಂದ ಅವರನ್ನು ನೇರವಾಗಿ ಚನ್ನರಾಯಪಟ್ಟಣಕ್ಕೇ ಕರೆದುಕೊಂಡು ಹೋದಳು. ಎದುರುಮನೆಗೆ ಬೀಗ ಬಿತ್ತು. ಬೀದಿಯವರು ನನ್ನೊಡನೆ ಜಗಳವಾಡಲಿಲ್ಲ, ಆಡಿದ್ದರೆ ಚೆನ್ನಾಗಿತ್ತು. ಒಬ್ಬೊಬ್ಬರಾಗಿ ಬಂದು ತಮ್ಮ ಚೀಟಿ ವಾಪಸ್ಸು ಕೇಳಿದರು. ಪುಟ್ಟತಾಯಮ್ಮ ಎಲ್ಲರಿಗಿಂತ ಕೊನೆಗೆ ಬಂದು ನೆಲ ನೋಡುತ್ತಾ ನಿಂತಳು. "ನಿಮ್ ಮ್ಯಾಲೆ ಅನ್ಮಾನ ಅಂತಲ್ಲ ಟೀಚ್ರಮ್ಮ. ನಮ್ಮೆಜಮಾನ್ರು ಎದುರ್ಕತಾರೆ," ಅಂದಳು. ಇರಲಿ ತಗೋ ಎಂದು ಕೊಟ್ಟೆ. ಅವರು ಮತ್ತೆ ಹಳೆಯ ಅಂಗಡಿಯಲ್ಲಿ ಹಳೆಯ ಬೆಲೆಗೆ ಕೊಳ್ಳತೊಡಗಿದರು, ಕೊಳ್ಳಲಾಗದ ವಾರ ಬಿಡತೊಡಗಿದರು. ಅದು ನನ್ನ ಕಣ್ಣೆದುರಿಗೇ ನಡೆಯುತ್ತಿತ್ತು, ನಾನು ಬಾಯಿ ಹಾಕುವ ಹಾಗಿರಲಿಲ್ಲ.

ಗುರುವಾರ ಮಾತ್ರ ಬಿಡಲಿಲ್ಲ. ನನ್ನದೊಂದೇ ಸ್ಟ್ರಿಪ್ಪು ಕೊಳ್ಳಲು ಹಾಸನಕ್ಕೆ ಹೋದೆ. ಧರಣೇಂದ್ರಯ್ಯನವರು, "ಬೇರೆಯವರದು ಬೇಡವೇನಮ್ಮ?" ಎಂದರು. ಎಲ್ಲರಿಗೂ ವಾಸಿಯಾಯಿತು ಎಂದೆ. ಅವರು ನನ್ನ ಮುಖ ನೋಡಿ ಸ್ಟ್ರಿಪ್ಪು ಕಟ್ಟಿಕೊಟ್ಟರು. ವಾಪಸ್ಸು ಬರುವಾಗ ಬೀದಿಯ ತಿರುವಿನಲ್ಲಿ ಕಾಲು ತಾನಾಗಿ ನಿಧಾನವಾಗುತ್ತಿತ್ತು. ಎದುರು ಜಗಲಿಯ ಮೇಲೆ ನಾಯಿ ಮಲಗಿರುತ್ತಿತ್ತು. ಬಸ್ಸು ತುಂಬಿತ್ತಾ ಎಂದು ಕೇಳುವವರಿಲ್ಲದ ಮೇಲೆ ಬಸ್ಸು ತುಂಬಿದ್ದರೇನು, ಖಾಲಿಯಿದ್ದರೇನು. ಗಂಡ ಸತ್ತಾಗ ನಾಲ್ಕು ಜನ ಬಂದು ಕೂತು ಅತ್ತಿದ್ದರು. ಈ ಖಾಲಿತನಕ್ಕೆ ಬಂದು ಕೂರುವವರೂ ಇರಲಿಲ್ಲ, ಹೇಳಿಕೊಳ್ಳಲು ಅದಕ್ಕೊಂದು ಹೆಸರೂ ಇರಲಿಲ್ಲ. ಆ ವರ್ಷ ದೀಪಾವಳಿಗೆ ನಾನು ಎಣ್ಣೆ ಸ್ನಾನವನ್ನೂ ಮಾಡಲಿಲ್ಲ.

ಅವರೆಕಾಯಿ ಕಾಲ ಬಂತು. ಗೌಡರಿಗೆ ಹಿದುಕಿದ ಬೇಳೆ ಸಾರೆಂದರೆ ಜೀವ. ತಂಟೆಗೆ ಬರಬೇಡಿ ಎಂದವಳ ಮನೆಗೆ ಹೋಗುವುದು ಹೇಗೆ ಎಂದು ವಾರಗಟ್ಟಲೆ ಯೋಚಿಸಿ, ಕೊನೆಗೆ ಸೊಗಡಿರುವ ಅವರೆಕಾಯಿ ಒಂದು ಚೀಲ ಕೊಂಡು ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಬರಿಗೈಯಲ್ಲಿ ಬಂದವಳನ್ನು ಬಾಗಿಲಲ್ಲಿ ನಿಲ್ಲಿಸಬಹುದು, ಅವರೆಕಾಯಿ ತಂದವಳನ್ನು ನಮ್ಮ ಕಡೆ ಯಾರೂ ನಿಲ್ಲಿಸುವುದಿಲ್ಲ. ಸವಿತ ನಿಲ್ಲಿಸಲಿಲ್ಲ. ಮುಖ ಬಿಗಿದುಕೊಂಡೇ ಬನ್ನಿ ಮಿಸ್ ಎಂದಳು, ಕಾಫಿ ಕೊಟ್ಟಳು.

ಚೆಂದದ ಮನೆ. ಅಳಿಯ ತೆಂಗಿನಕಾಯಿ ವ್ಯಾಪಾರದವನು, ಒಳ್ಳೆಯವನು, ಮಾವನಿಗೆ ಹೆಸರಾದ ಅಂಗಡಿಯಿಂದಲೇ ಮಾತ್ರೆ ತಂದುಕೊಡುತ್ತಿದ್ದ. ಗೌಡರು ನಡುಮನೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ನನ್ನನ್ನು ಕಂಡು ಮುಖ ಅರಳಿತು, ಅದನ್ನು ನಾನು ನೋಡಿದ್ದೇನೆ, ಯಾರು ಇಲ್ಲವೆಂದರೂ ನಂಬುವುದಿಲ್ಲ. "ಬಸ್ಸು ತುಂಬಿತ್ತಾ?" ಅಂದರು. ಮಾತಾಡಲು ಬಾಯಿ ತೆರೆದವಳು ಅವರ ಕಾಲು ನೋಡಿ ನಿಲ್ಲಿಸಿದೆ. ಎರಡೂ ಪಾದ ಊದಿಕೊಂಡು ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತುಹೋಗಿತ್ತು.

ಸವಿತ ಅವರೆಕಾಯಿ ಸುಲಿಯುತ್ತಾ ಹೇಳಿದಳು. "ಅಪ್ಪ ಇಲ್ಲಿಗ್ ಬಂದ್ಮೇಲೆ ತುಂಬ ದೇವ್ರ ಕಡೆ ತಿರುಗವ್ರೆ ಮಿಸ್. ಶನಿವಾರ ಒಪ್ಪತ್ತು, ಸೋಮವಾರ ಒಪ್ಪತ್ತು, ಸಂಕಷ್ಟಿ, ಏಕಾದಶಿ ಏನೂ ಬಿಡಲ್ಲ. ಈ ವಯಸ್ಸಲ್ಲಿ ಬೇಡ ಅಂದ್ರೂ ಕೇಳಲ್ಲ. ನಮ್ಮತ್ತೆ ಅಂತೂ ಬೀಗ್ರು ಅಂದ್ರೆ ಇಂಥೋರಿರ್ಬೇಕು ಅಂತಾರೆ." ಅವಳ ದನಿಯಲ್ಲಿ ಹೆಮ್ಮೆಯಿತ್ತು.

ಅವಳು ಕಾಳು ನೆನೆಹಾಕಲು ಒಳಗೆ ಹೋದಳು. ನಾನು ಗೌಡರನ್ನೇ ನೋಡಿದೆ. ಅವರು ಕಿಟಕಿಯ ಕಡೆ ನೋಡಿದರು.

"ಇಲ್ಲೂನಾ ಗೌಡ್ರೇ?"

"ಎಣ್ ಕೊಟ್ ಮನೆ ಟೀಚ್ರಮ್ಮ," ಅಂದರು ಮೆಲ್ಲಗೆ. "ಅನ್ನ ಆಕ್ತಾರೆ, ಬಟ್ಟೆ ಒಗ್ದ್ ಕೊಡ್ತಾರೆ. ಅದ್ರ ಮ್ಯಾಲೆ ತಿಂಗ್ಳು ತಿಂಗ್ಳು ಅಳಿಯನ್ ತಾವ ಮಾತ್ರೆ ಮುಗೀತು ಅನ್ನಕ್ ನಾಲ್ಗೆ ಬರಾಕಿಲ್ಲ. ಒಂದ್ ತಿಂಗ್ಳುದ್ದು ಎಲ್ಡು ತಿಂಗ್ಳು ಬಂದ್ರೆ ಅವ್ರಿಗೂ ಅಗುರ, ನಂಗೂ ಮರ್ವಾದೆ. ನೀವು ಮಾತ್ ಕೊಟ್ಟಿದ್ದೀರ."

ಆಸ್ಪತ್ರೆಯಲ್ಲಿ ಬಾಯಿ ಮುಚ್ಚಿಕೊಂಡದ್ದರಿಂದ ಹೋದದ್ದು ನನ್ನ ಹೆಸರು. ಅದು ಹೋದರೂ ನಾನು ಅನ್ನ ತಿಂದುಕೊಂಡಿದ್ದೆ. ಈಗ ಬಾಯಿ ಮುಚ್ಚಿಕೊಂಡರೆ ಹೋಗುವುದು ಬೇರೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರೆ. ಮಾತನ್ನು ಉಳಿಸಿಕೊಂಡು ಮನುಷ್ಯನನ್ನು ಕಳೆದುಕೊಂಡರೆ ಏನು ಎನ್ನುವುದಕ್ಕೆ ನಮ್ಮ ಹಿರಿಯರು ಗಾದೆ ಮಾಡಿಟ್ಟಿಲ್ಲ. ಗೌಡರು ನಾನು ಎದ್ದದ್ದನ್ನು ನೋಡಿದರು. "ಬ್ಯಾಡ ಟೀಚ್ರಮ್ಮ," ಅಂದರು. ನಾನು ಅಡುಗೆಮನೆಗೆ ಹೋದೆ.

ಸವಿತಳಿಗೆ ಎಲ್ಲ ಹೇಳಿದೆ. ಅವರ ದೇವರುಗಳ ವಿಷಯ, ಎರಡೆರಡು ನುಂಗಿದ್ದು, ಯಾಕೆ ಬಚ್ಚಿಟ್ಟರು ಎನ್ನುವುದು, ಎಲ್ಲ. ಅವಳು ನೀರಿನೊಳಗಿದ್ದ ಕೈ ತೆಗೆಯದೆ ಕೇಳಿದಳು. ನಾನು ಮುಗಿಸಿದಾಗ ಆ ದೊಡ್ಡ ಅಡುಗೆಮನೆಯನ್ನು, ಅದರ ಕಲ್ಲುಕಟ್ಟೆಯನ್ನು, ಟೈಲ್ಸ್ ಗೋಡೆಯನ್ನು ಹೊಸದಾಗಿ ಕಾಣುವವಳ ಹಾಗೆ ಸುತ್ತ ನೋಡಿದಳು. ಆಮೇಲೆ ನೆಲದ ಮೇಲೆ ಕೂತುಬಿಟ್ಟಳು. ಗೌಡರು ಯಾವುದಕ್ಕೆ ಹೆದರಿದ್ದರೋ ಅದೇ ಆಯಿತು. ಅವಳ ತಲೆಯ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತೆ.

ನಡುಮನೆಗೆ ಬಂದು ಅವಳು "ಅಪ್ಪ" ಎಂದಳು, ಅಷ್ಟೇ. ಗೌಡರು ಅವಳನ್ನು ನೋಡಲಿಲ್ಲ, ಅವಳ ಹಿಂದೆ ನಿಂತ ನನ್ನನ್ನು ನೋಡಿದರು.

"ಊರಿನೋರ್ ಬಟ್ಟೆ ಎಲ್ಲ ಒಲ್ದ್ರಿ, ಬಾಯಿ ಒಲ್ಕಳದ್ ಮಾತ್ರ ಕಲೀಲಿಲ್ಲ," ಅಂದರು. ಮುಖ ತಿರುಗಿಸಿಕೊಂಡರು. ಹೊರಡುವಾಗ ಬಾಗಿಲಲ್ಲಿ ನಿಂತು, ಬರ್ತೀನಿ ಗೌಡ್ರೇ ಎಂದೆ. ಅವರು ಕುರ್ಚಿಯನ್ನು ಕಿಟಕಿಯ ಕಡೆಗೆ ಎಳೆದುಕೊಂಡರು. ಅವರೆಕಾಯಿಯ ಸೊಗಡು ಬೀದಿಯವರೆಗೂ ಬಂತು, ಊಟ ಮಾಡಿಕೊಂಡು ಹೋಗಿ ಎಂದು ಸವಿತ ಕರೆದಳು, ನನ್ನಿಂದಾಗಲಿಲ್ಲ.

ಈಗ ಸವಿತಳೇ ಬಸ್ಸು ಹತ್ತಿ ಹಾಸನಕ್ಕೆ ಹೋಗಿ ಧರಣೇಂದ್ರಯ್ಯನವರ ಅಂಗಡಿಯಿಂದ ಅಪ್ಪನ ಮಾತ್ರೆ ತರುತ್ತಾಳೆ. ಅಗ್ಗ ಎನ್ನುವುದಕ್ಕಲ್ಲ, ಅಳಿಯನ ಹಂಗಿಲ್ಲ, ಇದು ನಾನೇ ಹೊಲಿದು ದುಡಿದದ್ದರಲ್ಲಿ ತಂದದ್ದು ಎಂದು ಅಪ್ಪನಿಗೆ ಹೇಳಲಿಕ್ಕೆ. ನಾನು ಕಲಿಸಿದ ಹೊಲಿಗೆ ಅದಕ್ಕೆ ಬಂತು. ಅವಳೇ ನಮ್ಮ ಬೀದಿಗೂ ಬಂದು ಪುಟ್ಟತಾಯಮ್ಮನಿಗೆ ಇದ್ದದ್ದನ್ನು ಹೇಳಿ ಹೋದಳು. ಪುಟ್ಟತಾಯಮ್ಮ ಚೀಟಿ ಹಿಡಿದು ಬಂದಳು. ಮಿಕ್ಕವರು ಬರಲಿಲ್ಲ, ಒಮ್ಮೆ ಹೆದರಿದ ಮುದುಕರು ಮತ್ತೆ ಬರುವುದಿಲ್ಲ.

ಕಳೆದ ವಾರ ಆ ಔಷಧಿ ಅಂಗಡಿಯ ಮುಂದಿನಿಂದಲೇ ಸವಿತಳಿಗೆ ಫೋನು ಮಾಡಿದೆ. ಅವರ ಮನೆ ನಿಲ್ದಾಣಕ್ಕೆ ದೂರವಿಲ್ಲ, ನಡೆದೇ ಹೋಗಬಹುದು.

"ಎಲ್ಲಿದೀರಾ ಮಿಸ್?"

"ಊರಲ್ಲೇ ಇದೀನಿ ಕಣವ್ವ. ಅಪ್ಪ ಹೇಗಿದಾರೆ?"

"ಕಾಲ್ ಊತ ಎಲ್ಲ ಇಳ್ದೋಗೈತೆ ಮಿಸ್. ಈಗ ತೆಂಗಿನಕಾಯಿ ಮಂಡಿ ತನಕ ಒಬ್ರೇ ನಡ್ಕೊಂಡ್ ಹೋಗ್ಬರ್ತಾರೆ."

"ಮಾತ್ರೆ?"

"ದಿನಾ ನನ್ನ ಮುಂದೇನೇ ನುಂಗ್ತಾರೆ."

ಅಲ್ಲಿಗೆ ಫೋನಿಡಬೇಕಿತ್ತು. ಪ್ರತಿಸಲ ಇಟ್ಟುಬಿಡುತ್ತೇನೆ. ಆವತ್ತು ಬಾಯಿ ತಡೆಯಲಿಲ್ಲ. "ನನ್ನ ವಿಷಯ ಏನಾದ್ರೂ ಕೇಳ್ತಾರೇನವ್ವ?" ಅಂದೆ.

ಸವಿತ ಸುಳ್ಳು ಹೇಳಬಹುದಿತ್ತು. "ಇಲ್ಲ ಮಿಸ್," ಅಂದಳು.

"ಇರಲಿ ಬಿಡು. ಮಾತ್ರೆ ತಪ್ಪದೆ ಇದ್ರೆ ಸಾಕು."

ಸಾಕು ಎಂದದ್ದು ಸುಳ್ಳು, ನನಗೆ ಸಾಲದು. ಆದರೂ ಇವತ್ತೇ ಯಾರಾದರೂ ನನ್ನನ್ನು ಮತ್ತೆ ಆ ನಡುಮನೆಯಲ್ಲಿ ಕೂರಿಸಿದರೆ, ಬ್ಯಾಡ ಟೀಚ್ರಮ್ಮ ಎಂದು ಅವರು ಕೇಳಿಕೊಂಡರೂ, ಎದ್ದು ಅಡುಗೆಮನೆಗೇ ಹೋಗುತ್ತೇನೆ.